ಗೋಡೆಯ ಆಚೆಗಿನ ಮಣ್ಣು

2018ನೇ ಇಸವಿಯಲ್ಲಿ ನಾನು ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಉತ್ಪಾದನಾ ಘಟಕವೊಂದರ ಸಿವಿಲ್ ವಿಭಾಗದಲ್ಲಿ ಡೆಪ್ಯುಟಿ ಮ್ಯಾನೇಜರ್ ಹುದ್ದೆಯಲ್ಲಿದ್ದೆ. ಕಾರ್ಖಾನೆಯ ಶೆಡ್ಡುಗಳು, ವಸತಿಗೃಹಗಳು, ಕಾಂಪೌಂಡ್ ಗೋಡೆ ಹಾಗೂ ಘಟಕದ ಜಮೀನಿನ ಮೇಲೆ ಇರುವ ಇತರ ಎಲ್ಲ ಕಟ್ಟಡಗಳ ಸುರಕ್ಷತೆಯನ್ನು ಪರಿಶೀಲಿಸುವುದು ನನ್ನ ಹೊಣೆಯಾಗಿತ್ತು. ಚಿತ್ರದುರ್ಗದಿಂದ ಬಂದ ನಾನು ಇದೇ ನಗರದಲ್ಲಿ ಸೇವೆ ಆರಂಭಿಸಿ ಇಲ್ಲಿಯೇ ನಿವೃತ್ತಳಾದೆ. ತಪಾಸಣಾ ವರದಿಗಳನ್ನಲ್ಲದೆ ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಈ ಸಂಗತಿಯನ್ನೂ ಅದು ನಡೆದ ಕ್ರಮದಲ್ಲಿಯೇ ನಿವೇದಿಸಿಕೊಳ್ಳುತ್ತಿದ್ದೇನೆ. ತಪ್ಪಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ನಮ್ಮ ಘಟಕದ ಸುತ್ತ ಎತ್ತರವಾದ ಭದ್ರತಾ ಗೋಡೆಯಿದೆ. ಅದರ ಹೊರಬದಿಗೆ, ಗುತ್ತಿಗೆ ಕಾರ್ಮಿಕರು ವಾಸಿಸುವ ಬಸ್ತಿಗೆ ತಾಗಿಕೊಂಡಂತೆ, ಘಟಕಕ್ಕೇ ಸೇರಿದ ಜಮೀನಿನ ಒಂದು ತುಂಡಿತ್ತು. ಅದನ್ನು ಬಹಳ ಹಿಂದೆಯೇ ಕನ್ನಡ ಮಾತನಾಡುವ ಕ್ರೈಸ್ತ ಸಭೆಯೊಂದಕ್ಕೆ ಪ್ರಾರ್ಥನೆಗಾಗಿ ಬಿಟ್ಟುಕೊಡಲಾಗಿತ್ತು. ಸಭೆ ಎಂದರೆ, ಅವರ ಮಾತಿನಲ್ಲಿ, ಆ ಚರ್ಚಿಗೆ ಸೇರಿದ ಎಲ್ಲ ಮನೆಗಳವರು. ಬಹುತೇಕರು ಯಾದಗಿರಿ ಸೀಮೆಯ ಒಂದೇ ಹಳ್ಳಿಯಿಂದ ಬಂದು ನೆಲೆಸಿದವರು. ಗಂಡಸರು ಕೊಂಡಾಪುರ, ಗಚ್ಚಿಬೌಲಿಗಳಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸದಲ್ಲಿದ್ದರೆ, ಹೆಂಗಸರು ಅವೇ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸಕ್ಕೆ ಹೋಗುತ್ತಿದ್ದರು. ಅವರ ಪಾಸ್ಟರ್ ಮನೋಹರ ಅವರು ವಾರದ ದಿನಗಳಲ್ಲಿ ಬೇಗಂ ಬಜಾರಿನ ಸಗಟು ಅಂಗಡಿಯೊಂದರಲ್ಲಿ ಗೋಣಿಚೀಲ ಹೊಲಿಯುತ್ತಿದ್ದರು. ಮಕ್ಕಳು ತಮ್ಮತಮ್ಮಲ್ಲಿ ತೆಲುಗಿನಲ್ಲಿ ಮಾತನಾಡುತ್ತಿದ್ದರೂ ಭಾನುವಾರದ ಪ್ರಾರ್ಥನೆ ಮಾತ್ರ ಆರಂಭದಿಂದ ಕೊನೆಯವರೆಗೆ ಕನ್ನಡದಲ್ಲಿಯೇ ನಡೆಯುತ್ತಿತ್ತು.

ಮೊದಲು ತಗಡಿನ ಛಾವಣಿಯಿದ್ದ ಅವರ ಪ್ರಾರ್ಥನಾ ಮಂದಿರವನ್ನು ಇಟ್ಟಿಗೆ ಗೋಡೆಯ ಕಟ್ಟಡವಾಗಿ ಎಬ್ಬಿಸಿದವರು ಅದೇ ಸಭೆಯ ದೇವದಾಸ ಮೇಸ್ತ್ರಿ. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಒಳ್ಳೆಯ ಬಟ್ಟೆ ಬದಲಿಸಿ ಸಭೆಯವರೆಲ್ಲ ಸೇರಿ ಕೆಲಸ ಮಾಡಿ ಕಟ್ಟಿದ ಗೋಡೆಗಳವು. ಮಂದಿರದ ಒಳಗೆ, ಹಿಂಗೋಡೆಗೆ ತಾಗಿಕೊಂಡಂತೆ ಶಿಲುಬೆಯನ್ನು ನಿಲ್ಲಿಸಿ, ಪಾಸ್ಟರ್ ನಿಂತು ಬೋಧಿಸಲು ಎತ್ತರದ ವೇದಿಕೆಯನ್ನು ಮಾಡಿ, ಅದಕ್ಕೆ ಶಹಾಬಾದ್ ಕಲ್ಲು ಹಾಸಿದ್ದರು.

ಆ ವರ್ಷದ ಮಳೆಗಾಲದಲ್ಲಿ ವೇದಿಕೆಯ ಹಿಂದಿನ ಗೋಡೆ ಬಿರುಕು ಬಿಟ್ಟಿರುವುದಾಗಿ ನಮ್ಮ ಕಚೇರಿಗೆ ತಿಳಿದುಬಂದ ಮೇರೆಗೆ ನಾನು ಸ್ಥಳ ಪರಿಶೀಲನೆಗೆ ಹೋದೆ. ಬಿರುಕು ಓರೆಯಾಗಿ ಮೇಲೇರಿತ್ತು, ಬೆರಳು ತೂರುವಷ್ಟು ಅಗಲವಾಗಿತ್ತು. ಗೋಡೆಯ ಬುಡ ಹೊರಕ್ಕೆ ಉಬ್ಬಿತ್ತು. ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ನಾವು ಅದರ ಅಡ್ಡಕ್ಕೆ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸುತ್ತೇವೆ. ಇದಕ್ಕೆ ಟೆಲ್-ಟೇಲ್ ಎನ್ನುತ್ತಾರೆ. ಗೋಡೆ ಕೊಂಚ ಸರಿದರೂ ಗಾಜು ಒಡೆಯುತ್ತದೆ. ನಾನು ಅದನ್ನು ಅಂಟಿಸುತ್ತಿದ್ದಾಗ ಕಸ ಗುಡಿಸುತ್ತಿದ್ದ ಮಾರ್ಥಮ್ಮ ಎಂಬ ವೃದ್ಧೆ ಹತ್ತಿರ ಬಂದು ನೋಡಿದರು.

"ಗೋಡಿಗಿ ಪಟ್ಟಿ ಕಟ್ಟಿದ್ರಲ್ಲ ಮೇಡಂ, ಎರಡು ಗುಳಿಗಿನೂ ಕೊಟ್ಟು ಹೋಗ್ರಿ" ಎಂದರು. ನಂತರ ದೇವದಾಸ ಮೇಸ್ತ್ರಿಯ ಕಡೆಗೆ ತಿರುಗಿ, "ಕೊಂಡಾಪುರದಾಗ ಇಪ್ಪತ್ತು ಮಾಳಿಗಿ ಎತ್ತತಾನ ನಮ್ಮ ಮೇಸ್ತ್ರಿ. ದೇವರ ಮನಿದು ಒಂದು ಗೋಡಿ ನಿಂದ್ರಸಾಕ ಆಗವಲ್ದು ಇವಂಗ" ಎಂದರು.

ಅಲ್ಲಿದ್ದವರೆಲ್ಲ ನಕ್ಕರು. ಮೇಸ್ತ್ರಿ ನಗಲಿಲ್ಲ. ತಮ್ಮ ಕೆಲಸವನ್ನು ಹಾಸ್ಯ ಮಾಡಿದರೆ ಯಾವ ಮೇಸ್ತ್ರಿಯೂ ಸುಮ್ಮನಿರುವುದಿಲ್ಲ ಎಂಬುದು ನನ್ನ ಅನುಭವ. ಇವರು ಮಾತ್ರ ವೇದಿಕೆಯ ಮೆಟ್ಟಿಲ ಮೇಲೆ ಕುಳಿತಿದ್ದ ತಮ್ಮ ಹೆಂಡತಿ ಸುವರ್ಣಮ್ಮನವರ ಕಡೆಗೊಮ್ಮೆ ನೋಡಿ, ತಲೆ ತಗ್ಗಿಸಿಕೊಂಡು ಹೊರಗೆ ಹೋದರು.

ಗೋಡೆಯ ಹಿಂದೆ ನಮ್ಮ ವಸತಿಗೃಹಗಳ ಮಳೆನೀರಿನ ಚರಂಡಿ ಹರಿಯುತ್ತದೆ. ಅದು ಸೋರಿ ಅಡಿಪಾಯ ಕುಸಿದಿರಬೇಕೆಂದು ಭಾವಿಸಿ ಚರಂಡಿಯನ್ನು ದುರಸ್ತಿ ಮಾಡಿಸಿದೆ. ಆದರೂ ಮುಂದಿನ ಮಳೆಗೆ ಗಾಜು ಒಡೆಯಿತು. ಮತ್ತೊಂದನ್ನು ಅಂಟಿಸಿದೆ, ಅದೂ ಒಡೆಯಿತು. ಅಡಿಪಾಯ ಕುಸಿದಿದ್ದರೆ ಗೋಡೆ ಕೆಳಕ್ಕೆ ಇಳಿಯಬೇಕಿತ್ತು. ಇಲ್ಲಿಯಾದರೋ ಒಳಗಿನಿಂದ ಏನೋ ಒಂದು ಅದನ್ನು ಹೊರಕ್ಕೆ ತಳ್ಳುತ್ತಿತ್ತು. ಆದ್ದರಿಂದ ವೇದಿಕೆಯ ಒಂದು ಹಾಸುಗಲ್ಲನ್ನು ಎಬ್ಬಿಸಿ ಕೆಳಗೆ ಏನು ತುಂಬಿದ್ದಾರೆಂದು ನೋಡುವುದು ಅಗತ್ಯವೆಂದು ತಿಳಿಸಿದೆ. ಐತವಾರ ಮುಗಿಯಲಿ, ಸೋಮವಾರ ತಾವೇ ಬಂದು ಎಬ್ಬಿಸುವುದಾಗಿ ಮೇಸ್ತ್ರಿ ಹೇಳಿದರು.

ಸೋಮವಾರ ಬೆಳಿಗ್ಗೆ ಅವರು, ಪಾಸ್ಟರ್ ಮನೋಹರ ಮತ್ತು ಸುವರ್ಣಮ್ಮ ಮೊದಲೇ ಬಂದು ಕಾಯುತ್ತಿದ್ದರು. ಮೇಸ್ತ್ರಿ ಚಪ್ಪಲಿ ಬಿಟ್ಟು ವೇದಿಕೆ ಹತ್ತಿ ಹಾರೆಯಿಂದ ಕಲ್ಲನ್ನು ನಿಧಾನವಾಗಿ ಎತ್ತಿದರು. ವೇದಿಕೆಯ ಒಳಗೆ ತುಂಬಬೇಕಾದದ್ದು ಮೊರಂ, ಅಂದರೆ ಕೆಂಪು ಗರಸು. ಅಲ್ಲಿದ್ದದ್ದು ಕಪ್ಪು ಎರೆಮಣ್ಣು. ನೀರು ಕುಡಿದು, ಹಿಡಿದರೆ ಕೈಗೆ ಮೆತ್ತಿಕೊಳ್ಳುವಂತಿತ್ತು. ಹತ್ತಿಗೂ ತೊಗರಿಗೂ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ, ಕಟ್ಟಡಕ್ಕಾದರೆ ಇದಕ್ಕಿಂತ ಕೆಟ್ಟದ್ದಿಲ್ಲ. ನೀರು ತಾಗಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ನಾಲ್ಕು ಗೋಡೆಗಳ ನಡುವೆ ಇದನ್ನು ತುಂಬಿದರೆ ಪ್ರತಿ ಮಳೆಗೂ ಗೋಡೆಯನ್ನು ತಳ್ಳುತ್ತಲೇ ಇರುತ್ತದೆ. ಗಾರೆ ಕೆಲಸಕ್ಕೆ ಸೇರಿದವರು ಮೊದಲ ತಿಂಗಳಲ್ಲಿಯೇ ಕಲಿಯುವ ಪಾಠವಿದು. ಇದು ನಿಮಗೆ ಗೊತ್ತಿರಲಿಲ್ಲವೇ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ಗೊತ್ತಿತ್ರಿ" ಎಂದರು ಮೇಸ್ತ್ರಿ. "ಪಾಯಾಕ ಕರಿಮಣ್ಣು ಹಾಕಿದ ಮಂದಿಗಿ ನಾನೇ ಬೈದೀನಿ."

"ಗೊತ್ತಿದ್ದೂ ಯಾಕೆ ಹಾಕಿದಿರಿ?"

ಅವರು ಹಾರೆಯನ್ನು ಕೆಳಗಿಟ್ಟರು. "ಅದು ಮಣ್ಣಲ್ರಿ ಮೇಡಂ. ನಮ್ಮ ಮಂದಿ ಅದು."

ಆನಂತರ ಪಾಸ್ಟರ್ ಅವರು ತಿಳಿಸಿದ ವಿಷಯ ಹೀಗಿದೆ. ಅವರ ಹಳ್ಳಿಯಲ್ಲಿ ಕ್ರೈಸ್ತರ ಮಸಣ ಊರ ಹೊರಗೆ ರಸ್ತೆಯ ಅಂಚಿನಲ್ಲಿತ್ತು. ನಗರದಲ್ಲಿ ಯಾರು ಸತ್ತರೂ ಶವವನ್ನು ಅಲ್ಲಿಗೇ ಒಯ್ದು ಮಣ್ಣು ಮಾಡುತ್ತಿದ್ದರು. ಮೇಸ್ತ್ರಿ ದಂಪತಿಗೆ ಗ್ರೇಸಿ ಎಂಬ ಒಬ್ಬಳೇ ಮಗಳು. ಗಚ್ಚಿಬೌಲಿಯ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದ್ದಳು. ಭಾನುವಾರ ಪ್ರಾರ್ಥನೆಯಲ್ಲಿ ಮೊದಲ ಹಾಡು ಎತ್ತಿಕೊಡುವವಳು ಅವಳೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಡೆಂಗಿ ಜ್ವರ ಬಂದು ತೀರಿಕೊಂಡಳು. ಅವಳನ್ನೂ ಆ ಮಸಣದಲ್ಲಿಯೇ ಮಣ್ಣು ಮಾಡಿದರು. ಅದಾದ ಎರಡನೆಯ ವರ್ಷ, ಇಲ್ಲಿ ಮಂದಿರದ ಪಾಯ ತೆಗೆದು ಗೋಡೆ ಏಳುತ್ತಿದ್ದಾಗ, ರಸ್ತೆಯನ್ನು ಅಗಲ ಮಾಡುವ ಕೆಲಸ ಊರಿನ ಮಸಣದವರೆಗೆ ಬಂತು. ಸುದ್ದಿ ತಿಳಿದು ಇವರೆಲ್ಲ ಹೊರಟು ಊರು ಮುಟ್ಟುವ ಹೊತ್ತಿಗೆ ಯಂತ್ರಗಳು ಒಂದು ಅಂಚಿನಿಂದ ಕೆಲಸ ಶುರು ಮಾಡಿಯಾಗಿತ್ತು. ಗೋರಿಗಳನ್ನು ಅಗೆದು ತೆಗೆಯಲು ಸಮಯವಿರಲಿಲ್ಲ, ಹಾಗೆ ತೆಗೆಯಲು ಕೆಲವರಿಗೆ ಮನಸ್ಸೂ ಇರಲಿಲ್ಲ. ಪ್ರತಿ ಮನೆಯವರೂ ತಮ್ಮವರ ಗೋರಿಯ ಮೇಲಿನ ಮಣ್ಣನ್ನು ಗೋಣಿಚೀಲಗಳಲ್ಲಿ ತುಂಬಿಕೊಂಡು ಒಂದು ಟೆಂಪೋದಲ್ಲಿ ಹೈದರಾಬಾದಿಗೆ ತಂದರು. ಎಲ್ಲಿ ಇಡುವುದು ಎಂಬ ಪ್ರಶ್ನೆ ಬಂದಾಗ, ತೆರೆದಿದ್ದ ವೇದಿಕೆಯ ಗುಂಡಿ ಕಂಡಿತು. ಶಿಲುಬೆಯ ಕೆಳಗೇ ಇರಲಿ, ವಾರಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಇದ್ದ ಹಾಗಾಯಿತು ಎಂದು ಹೆಂಗಸರು ಹೇಳಿದರು. ಮೇಸ್ತ್ರಿ ಬೇಡವೆನ್ನಲಿಲ್ಲ. ಚೀಲಗಳನ್ನು ಒಂದೊಂದಾಗಿ ಸುರಿಸಿ, ದಿಮ್ಮಸು ಹೊಡೆದು ಗಟ್ಟಿ ಮಾಡಿ, ಮೇಲೆ ಕಲ್ಲು ಹಾಸಿದರು.

ನಾನು ಆ ತೆರೆದ ಕಲ್ಲಿನ ಪಕ್ಕದಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದೆ. ಕೆಳಗಿಳಿದು ಬಂದೆ.

ಹಿಂಗೋಡೆಯನ್ನು ಇಳಿಸದೆ ಬೇರೆ ದಾರಿಯಿರಲಿಲ್ಲ. ಗೋಡೆ ಬಿದ್ದರೆ ಛಾವಣಿಯೂ ಕುಸಿಯುವ ಜಾಗದಲ್ಲಿ, ವೇದಿಕೆಯ ಬುಡದಲ್ಲಿಯೇ, ಮಕ್ಕಳು ಚಾಪೆ ಹಾಸಿ ಕುಳಿತುಕೊಳ್ಳುತ್ತಿದ್ದರು. ಹೊಸ ಗೋಡೆ ನಿಲ್ಲಬೇಕಾದರೆ ಆ ಮಣ್ಣು ಹೊರಗೆ ಬರಲೇಬೇಕಿತ್ತು. ಆದರೂ ಮೂವರ ಮುಖ ನೋಡಿ ತಾಂತ್ರಿಕವಾಗಿ ಇದ್ದ ಇನ್ನೊಂದು ಮಾರ್ಗವನ್ನು ಸೂಚಿಸಿದೆ. ಎರೆಮಣ್ಣಿಗೆ ಸುಣ್ಣ ಬೆರೆಸಿದರೆ ಅದರ ಉಬ್ಬುವ ಗುಣ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಅಗೆದು, ಪುಡಿ ಮಾಡಿ, ಸುಣ್ಣ ಕಲಸಿ ಮತ್ತೆ ಅಲ್ಲಿಯೇ ತುಂಬಬಹುದು ಎಂದೆ.

ಸುವರ್ಣಮ್ಮ ಆಗ ತಲೆಯೆತ್ತಿದರು. "ನನ್ನ ಮಗಳಿಗಿ ಸುಣ್ಣ ಕಲಸ್ತೀರೇನ್ರಿ?"

ಆ ಮಾರ್ಗವನ್ನು ಅಲ್ಲಿಗೇ ಕೈಬಿಡಲಾಯಿತು. ಸ್ವಲ್ಪ ಮಣ್ಣನ್ನು ಮಾತ್ರ ಸಿಮೆಂಟಿನ ಪೆಟ್ಟಿಗೆಯೊಂದರಲ್ಲಿ ಭದ್ರವಾಗಿ ಮುಚ್ಚಿ ಶಿಲುಬೆಯ ಕೆಳಗೆ ಇಡಬಹುದೆಂದು ಪಾಸ್ಟರ್ ಸಲಹೆ ನೀಡಿದರು. ನನಗೂ ಅದು ಸೂಕ್ತವೆನಿಸಿತು. ಆದರೆ ದಿಮ್ಮಸಿನ ಕೆಳಗೆ ಎಲ್ಲ ಮನೆಗಳ ಮಣ್ಣು ಒಂದಾಗಿ ಹೋಗಿತ್ತು.

"ಒಂದು ಬುಟ್ಟಿ ತೊಗೊಂಡ್ರ ಅದರಾಗ ಆಕಿ ಬರ್ತಾಳಂತ ಹೆಂಗ ಹೇಳ್ತೀರಿ?" ಎಂದು ಸುವರ್ಣಮ್ಮ ಕೇಳಿದರು. "ಕಡೀ ದಿನ ಕರ್ತ ಕರದಾಗ ಆಕಿ ಎಲ್ಲಿಂದ ಏಳಬೇಕ್ರಿ? ರೋಡಿನ ಬುಡಕಿಂದೇನು?"

ಸತ್ತವರೆಲ್ಲರೂ ಕೊನೆಯ ದಿನ ದೇವರು ಕರೆದಾಗ ಎದ್ದು ಬರುತ್ತಾರೆ ಎಂಬುದು ಅವರ ನಂಬಿಕೆ. ಪಾಸ್ಟರ್ ಮೆಲ್ಲಗೆ, "ದೇವರಿಗಿ ಅಡ್ರೆಸ್ ಬೇಕಾಗಿಲ್ಲ ತಂಗಿ. ಎಲ್ಲಿದ್ದರೂ ಕರೀತಾನ" ಎಂದರು.

"ದೇವರಿಗಿ ಬ್ಯಾಡ್ರಿ" ಎಂದರು ಸುವರ್ಣಮ್ಮ. "ನನಗ ಬೇಕು."

ಮುಂದಿನ ದಿನಗಳಲ್ಲಿ ಪಾಸ್ಟರ್ ನಗರದ ಎರಡು ಕ್ರೈಸ್ತ ಸ್ಮಶಾನಗಳ ಸಮಿತಿಯವರನ್ನು ಕಂಡು ಬಂದರು. ಅವರು ಸೌಜನ್ಯದಿಂದಲೇ ಮಾತನಾಡಿದರಂತೆ. ಆದರೆ ಸ್ವಂತ ಸಭೆಯವರಿಗೇ ಜಾಗ ಸಾಲದಿರುವಾಗ, ಶವವಿಲ್ಲದೆ ಬರಿಯ ಮಣ್ಣನ್ನು ಹೂಳಲು ಅವಕಾಶ ಕೊಡುವುದು ಸಾಧ್ಯವಿಲ್ಲವೆಂದರಂತೆ. ಹೀಗಿರುವಾಗ ನನಗೊಂದು ಉಪಾಯ ತೋಚಿತು. ಮಂದಿರದ ಹಿಂದೆಯೇ ಇರುವ ಭದ್ರತಾ ಗೋಡೆಯ ಒಳಮಗ್ಗುಲಲ್ಲಿ, ಘಟಕದ ತೋಟಗಾರಿಕೆಯವರು ಬೇವಿನ ಸಸಿಗಳನ್ನು ನೆಡಲು ಒಂದು ಪಟ್ಟಿಯನ್ನು ಗುರುತಿಸಿದ್ದರು. ಅಲ್ಲಿಯದು ಬರಿಯ ಕಲ್ಲುನೆಲ. ಒಳ್ಳೆಯ ಮಣ್ಣು ಬೇಕಾಗಿದೆಯೆಂದು ಅವರು ಕೇಳುತ್ತಲೇ ಇದ್ದರು. ಮಣ್ಣು ಬಯಲಿನ ಕಸದ ರಾಶಿಗೆ ಹೋಗುವುದು ತಪ್ಪುತ್ತದೆ, ವೇದಿಕೆಯಿಂದ ಹೆಚ್ಚು ದೂರವೂ ಹೋಗುವುದಿಲ್ಲ, ನಡುವೆ ಒಂದು ಗೋಡೆ ಮಾತ್ರ. ಸಭೆಯವರು ಒಳಗೆ ಬಂದು ನೋಡಲು ವರ್ಷಕ್ಕೊಮ್ಮೆ ಅನುಮತಿ ಕೊಡಿಸಲು ಪ್ರಯತ್ನಿಸುವೆನೆಂದೂ, ಅದು ಸಿಗುವುದೆಂಬ ಖಾತರಿ ನನ್ನ ಕೈಯಲ್ಲಿಲ್ಲವೆಂದೂ ತಿಳಿಸಿದೆ. ಅವರು ತಮ್ಮೊಳಗೆ ಮಾತನಾಡಿಕೊಂಡು ಒಪ್ಪಿದರು. ಸುವರ್ಣಮ್ಮ ಒಪ್ಪಿದ್ದು ಎಲ್ಲರಿಗಿಂತ ಕೊನೆಗೆ.

ಮಣ್ಣು ತೆಗೆಯುವ ದಿನ ಯಾರೂ ಕೂಲಿಗೆ ಹೋಗಲಿಲ್ಲ. ಪಾಸ್ಟರ್ ಬಿಳಿ ಅಂಗಿ ತೊಟ್ಟು ಬಂದು ತಮ್ಮ ಪ್ರಾರ್ಥನಾ ಪುಸ್ತಕವನ್ನು ತೆರೆದು, ಮತ್ತೆ ಮುಚ್ಚಿದರು. "ಒಬ್ಬರನ್ನ ಎರಡು ಸಲ ಮಣ್ಣು ಮಾಡೋ ಕ್ರಮ ನಮ್ಮ ಪುಸ್ತಕದಾಗ ಇಲ್ಲ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ನಂತರ ತಮಗೆ ತೋಚಿದ ಮಾತುಗಳಲ್ಲಿ ಪ್ರಾರ್ಥಿಸುತ್ತ, ಮಸಣದಲ್ಲಿ ಮಲಗಿದ್ದವರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಪ್ರತಿ ಹೆಸರಿಗೂ ಆ ಮನೆಯವರು ಆಮೆನ್ ಎನ್ನುತ್ತಿದ್ದರು. ಗ್ರೇಸಿಯ ಹೆಸರು ಬಂದಾಗ ಮೇಸ್ತ್ರಿಯ ದನಿ ಕೇಳಿಸಿತು. ಸುವರ್ಣಮ್ಮನವರ ದನಿ ಕೇಳಿಸಲಿಲ್ಲ.

ಗುಂಡಿಗೆ ಇಳಿದವರು ದೇವದಾಸ ಮೇಸ್ತ್ರಿಯೊಬ್ಬರೇ. ಇನ್ನೊಬ್ಬರು ಇಳಿಯಲು ಬಂದರೆ ಕೈಯಿಂದ ತಡೆದರು. ತಾವು ದಿಮ್ಮಸು ಹೊಡೆದು ಗಟ್ಟಿ ಮಾಡಿದ್ದನ್ನು ತಾವೇ ಸಲಿಕೆಯಿಂದ ಬಿಡಿಸಿ ಬುಟ್ಟಿಗೆ ತುಂಬಿದರು. ಸಲಿಕೆ ಬಳಸಿದ್ದು ಅರ್ಧದವರೆಗೆ ಮಾತ್ರ, ಆಮೇಲೆ ಕೈಯಿಂದಲೇ ತುಂಬಿದರು. ಹೆಂಗಸರು ಸಾಲಾಗಿ ನಿಂತು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿ ಟಿಪ್ಪರ್ ಲಾರಿಗೆ ಹಾಕಿದರು. ಸಭೆಯ ಮಕ್ಕಳಿಂದ ವಿಷಯ ತಿಳಿದಿದ್ದ ಟಿಪ್ಪರಿನ ತೆಲುಗು ಡ್ರೈವರ್ ಇಂಜಿನ್ ನಿಲ್ಲಿಸಿ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ನಿಂತಿದ್ದ.

ಕೊನೆಯ ಬುಟ್ಟಿ ಸುವರ್ಣಮ್ಮನವರ ಕೈಗೆ ಬಂತು. ಅವರು ಅದನ್ನು ಲಾರಿಗೆ ಹಾಕಲಿಲ್ಲ. ಸೊಂಟದ ಮೇಲೆ ಇಟ್ಟುಕೊಂಡು ಟಿಪ್ಪರಿನ ಹಿಂದೆ ನಡೆಯತೊಡಗಿದರು. ಭದ್ರತಾ ಗೋಡೆಯನ್ನು ಸುತ್ತಿಕೊಂಡು ಕಾರ್ಖಾನೆಯ ಗೇಟಿನವರೆಗೆ ಬಂದಾಗ ಭದ್ರತಾ ಸಿಬ್ಬಂದಿ ತಡೆದರು. ಆ ದಿನದ ಕೆಲಸಕ್ಕೆ ಪಾಸ್ ಇದ್ದದ್ದು ಮೇಸ್ತ್ರಿಗೆ ಮಾತ್ರ. ನಾನು ಮಾತನಾಡಿ ನೋಡಿದೆ. ನಿಯಮ ಅವರು ಮಾಡಿದ್ದಾಗಿರಲಿಲ್ಲ, ಅವರೂ ಮುಜುಗರಪಟ್ಟರು. ಮೇಸ್ತ್ರಿ ಟಿಪ್ಪರಿನಿಂದ ಇಳಿದು ಬಂದು ಹೆಂಡತಿಯ ಸೊಂಟದಿಂದ ಬುಟ್ಟಿಯನ್ನು ತೆಗೆದುಕೊಂಡರು. ಆಕೆ ಬುಟ್ಟಿಯ ಅಂಚನ್ನು ಕೂಡಲೇ ಬಿಡಲಿಲ್ಲ.

"ಕಾಲಾಗ ತುಳೀಬ್ಯಾಡ್ರಿ" ಎಂದಷ್ಟೇ ಹೇಳಿದರು.

ಮೇಸ್ತ್ರಿ ತುಳಿಯಲಿಲ್ಲ. ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಮೊಣಕಾಲೂರಿ, ಇಡೀ ಪಟ್ಟಿಯ ಮೇಲೆ ಮಣ್ಣನ್ನು ಕೈಯಿಂದ ಹರಡಿದ್ದನ್ನು ನಾನು ನಿಂತು ನೋಡಿದ್ದೇನೆ.

ಮಂದಿರದ ಹೊಸ ಗೋಡೆಯನ್ನು ಮೇಸ್ತ್ರಿಯೇ ಕಟ್ಟಿದರು. ವೇದಿಕೆಗೆ ಮೊರಂ ತುಂಬಿದರು. ಆ ಗೋಡೆಯಲ್ಲಿ ಇಂದಿಗೂ ಒಂದು ಗೆರೆಯಷ್ಟು ಬಿರುಕಿಲ್ಲ. ಆದರೆ ಮೊದಲು ಸಭೆಯ ಹಿರಿಯರಾಗಿ ವೇದಿಕೆಯ ಮೇಲೆ ಕುಳಿತುಕೊಳ್ಳುತ್ತಿದ್ದ ಅವರು ಆನಂತರ ಬಾಗಿಲ ಬಳಿ, ಚಪ್ಪಲಿ ಬಿಡುವಲ್ಲಿ ಕುಳಿತುಕೊಳ್ಳಲಾರಂಭಿಸಿದರು.

ವರ್ಷಕ್ಕೊಮ್ಮೆ ಸಭೆಯವರಿಗೆ ಒಳಗೆ ಪ್ರವೇಶ ಕೊಡಬೇಕೆಂಬ ನನ್ನ ಕೋರಿಕೆಯನ್ನು ಮೇಲಧಿಕಾರಿಗಳು ಪರಿಶೀಲಿಸಿ, ಸಂರಕ್ಷಿತ ಪ್ರದೇಶದಲ್ಲಿ ಪ್ರಾರ್ಥನೆಗಾಗಿ ಜನ ಸೇರುವುದಕ್ಕೆ ಅವಕಾಶವಿಲ್ಲವೆಂದು ತೀರ್ಮಾನಿಸಿದರು. ಮುಂದಿನ ವರ್ಷ ಮತ್ತೆ ಕೇಳಿದೆ. ಉತ್ತರ ಅದೇ ಆಗಿತ್ತು. ಈ ತೀರ್ಮಾನವನ್ನು ಖುದ್ದಾಗಿ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಒಂದು ಭಾನುವಾರ ಮಂದಿರಕ್ಕೆ ಹೋದೆ. ಪ್ರಾರ್ಥನೆ ಮುಗಿದಿತ್ತು. ಸುವರ್ಣಮ್ಮ ಮಂದಿರದ ಹಿಂದೆ, ಭದ್ರತಾ ಗೋಡೆಗೆ ಬೆನ್ನು ಕೊಟ್ಟು, ಒಂದು ಗೋಣಿಚೀಲದ ಮೇಲೆ ಕುಳಿತಿದ್ದರು. ನಾನು ಹೇಳಬೇಕಾದದ್ದನ್ನು ಹೇಳಿದೆ. ಆಕೆ ಆಗಲಿ ಎಂಬಂತೆ ತಲೆಯಾಡಿಸಿ, "ನೀವು ಹೋಗ್ತೀರಲ್ರಿ ಒಳಗ? ಹೆಂಗದಾಳ್ರಿ?" ಎಂದು ಕೇಳಿದರು.

ಬೇವಿನ ಸಸಿಗಳು ಚಿಗುರಿವೆ, ನಡುವೆ ಹುಲ್ಲು ಬಂದಿದೆ ಎಂದೆ. ಕೀಳಿಸಬೇಡಿ ಎಂದರು. ನಾನು ತೋಟಗಾರಿಕೆಯವರಿಗೆ ಹೇಳಿ ಆ ಪಟ್ಟಿಯ ಹುಲ್ಲನ್ನು ಹಾಗೆಯೇ ಉಳಿಸಿದೆ.

ಅಂದಿನಿಂದ ಬೆಳಗಿನ ಪರಿಶೀಲನೆಗೆ ಹೊರಟಾಗ ಆ ಪಟ್ಟಿಯ ಮುಂದೆ ಒಂದು ಗಳಿಗೆ ನಿಲ್ಲುವುದು ನನಗೆ ರೂಢಿಯಾಯಿತು. ನಾನು ಅವರ ಮತದವಳಲ್ಲ. ಅಲ್ಲಿ ಏನು ಹೇಳಿಕೊಳ್ಳಬೇಕೆಂದು ತಿಳಿಯದೆ ಸಸಿಗಳನ್ನು ಎಣಿಸಿಕೊಂಡು ಬರುತ್ತಿದ್ದೆ. ಆಗಾಗ ಭಾನುವಾರ ಮಂದಿರದ ಕಡೆ ಹೋದರೆ ಇತರರೂ ಕೇಳತೊಡಗಿದರು. ಒಬ್ಬರಿಗೆ ತಾಯಿಯ ಚಿಂತೆ, ಒಬ್ಬರಿಗೆ ತಮ್ಮನ ಚಿಂತೆ. ಮಾರ್ಥಮ್ಮ ಮಾತ್ರ ತೀರಿಹೋದ ಗಂಡನನ್ನು ನೆನೆದು, "ನಮ್ಮಾಂವ ಅಲ್ಲೂ ಬೀಡಿ ಸೇದಾಕತ್ತಾನೇನ್ರಿ? ಸೇದಿದ್ರ ಹೇಳ್ರಿ, ಇಲ್ಲಿಂದನ ಬೈತೀನಿ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹಿಂದಿರುಗುವಾಗ ಮಾರ್ಥಮ್ಮ ನನ್ನ ಕೈಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡುತ್ತಿರಲಿಲ್ಲ.

ಈ ಪ್ರಕರಣದ ನಂತರ ನನ್ನ ಕೆಲಸದ ಕ್ರಮದಲ್ಲಿ ಒಂದು ಬದಲಾವಣೆ ಬಂತು. ಯಾವುದೇ ನೆಲವನ್ನು ತೆರೆಯಿಸುವ ಮುನ್ನ, ಅದರ ಕೆಳಗೆ ಏನು ತುಂಬಿದ್ದಾರೆಂದು ಮಾತ್ರವಲ್ಲದೆ ಯಾರು, ಏಕೆ ತುಂಬಿದರೆಂದು ಮೊದಲು ವಿಚಾರಿಸತೊಡಗಿದೆ. ನನ್ನ ಕಿರಿಯ ಸಹೋದ್ಯೋಗಿಗಳಿಗೂ ಇದನ್ನೇ ಹೇಳಿದ್ದೇನೆ. ವಿಚಾರಿಸಿದ ಮಾತ್ರಕ್ಕೆ ಆ ಗೋಡೆಯನ್ನು ಉಳಿಸಲು ಸಾಧ್ಯವಾಗುತ್ತಿರಲಿಲ್ಲ. ಮಣ್ಣನ್ನೂ ತೆಗೆಸಲೇಬೇಕಾಗುತ್ತಿತ್ತು. ಆದರೆ ಅವರ ಸತ್ತವರ ಮೇಲೆ ನಾನು ಚಪ್ಪಲಿಯಲ್ಲಿ ನಿಲ್ಲುತ್ತಿರಲಿಲ್ಲ.

2022ರಲ್ಲಿ ನಾನು ಸೇವೆಯಿಂದ ನಿವೃತ್ತಳಾದೆ. ಕೊನೆಯ ದಿನ ಎಲ್ಲರಂತೆ ನನ್ನ ಗುರುತಿನ ಚೀಟಿಯನ್ನು ಭದ್ರತಾ ವಿಭಾಗಕ್ಕೆ ಒಪ್ಪಿಸಿದೆ. ಗೇಟಿನಿಂದ ಹೊರಗೆ ಬಂದ ಮೇಲೆಯೇ ನನಗೆ ಹೊಳೆಯಿತು, ಇನ್ನು ಆ ಪಟ್ಟಿಯನ್ನು ನಾನೂ ನೋಡುವಂತಿಲ್ಲ.

ಆ ಭಾನುವಾರ ಮಂದಿರಕ್ಕೆ ಹೋದೆ. ಸುವರ್ಣಮ್ಮ ತಮ್ಮ ಜಾಗದಲ್ಲಿದ್ದರು. ಎಂದಿನಂತೆ ಹೆಂಗದಾಳ್ರಿ ಎಂದು ಕೇಳಿದರು. ಗೋಡೆಯ ಮೇಲಿನಿಂದ ಬೇವಿನ ತುದಿ ಇಣುಕುವಷ್ಟು ಗಿಡಗಳಿನ್ನೂ ಬೆಳೆದಿರಲಿಲ್ಲ. ನನ್ನ ಚೀಟಿಯನ್ನೂ ತೆಗೆದುಕೊಂಡಿದ್ದಾರೆ, ಇನ್ನು ಮೇಲೆ ನನ್ನನ್ನೂ ಒಳಗೆ ಬಿಡುವುದಿಲ್ಲ ಎಂದು ತಿಳಿಸಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕುಳಿತಲ್ಲಿಂದಲೇ ಒಂದಿಷ್ಟು ಸರಿದು ಗೋಣಿಚೀಲದ ಅರ್ಧವನ್ನು ನನಗೆ ಬಿಟ್ಟುಕೊಟ್ಟರು.

"ಹಂಗಾದ್ರ ಇಲ್ಲೇ ಕುಂದರ್ರಿ" ಎಂದರು. "ಗೋಡಿ ತಂಪೈತಿ."

ನಾನು ಚಪ್ಪಲಿ ಬಿಟ್ಟು ಆಕೆಯ ಪಕ್ಕದಲ್ಲಿ ಕುಳಿತೆ.